ಪುಣೆಯ ಚಲನಚಿತ್ರ ಶಾಲೆಗೆ ಪ್ರವೇಶ: ನೋಡುವ ಕಣ್ಣು, ಕೇಳುವ ಕಿವಿಯ ಪರೀಕ್ಷೆ

ಪುಣೆಯ ಲಾ ಕಾಲೇಜು ರಸ್ತೆಯಲ್ಲಿರುವ, ಎಫ್‌ಟಿಐಐ ಎಂಬ ಹ್ರಸ್ವನಾಮದಿಂದಲೇ ಹೆಚ್ಚು ಪರಿಚಿತವಾದ ಭಾರತೀಯ ಚಲನಚಿತ್ರ ಮತ್ತು ದೂರದರ್ಶನ ಸಂಸ್ಥೆಗೆ ದೇಶದ ಎಲ್ಲ ಮೂಲೆಗಳಿಂದ ಪ್ರತಿವರ್ಷ ಸಾವಿರಾರು ಪದವೀಧರರು ಅರ್ಜಿ ಸಲ್ಲಿಸುತ್ತಾರೆ. ಆದರೆ ನಿರ್ದೇಶನ, ಛಾಯಾಗ್ರಹಣ, ಸಂಕಲನ, ಧ್ವನಿಗ್ರಹಣದಂಥ ಒಂದೊಂದು ವಿಭಾಗದಲ್ಲಿ ಇರುವ ಸ್ಥಾನಗಳು ಹತ್ತು, ಹನ್ನೆರಡರ ಆಸುಪಾಸಿನಲ್ಲಿಯೇ ನಿಲ್ಲುತ್ತವೆ. ಎಂಜಿನಿಯರಿಂಗ್ ಅಥವಾ ವೈದ್ಯಕೀಯ ಪ್ರವೇಶ ಪರೀಕ್ಷೆಗಳ ಬಗ್ಗೆ ಕನ್ನಡದ ಮನೆಮನೆಯಲ್ಲೂ ಇರುವ ತಿಳಿವಳಿಕೆಯ ನೂರರಲ್ಲೊಂದು ಪಾಲೂ ಈ ಪರೀಕ್ಷೆಯ ಬಗ್ಗೆ ಇಲ್ಲದಿರುವುದರಿಂದ, ಸಿನಿಮಾ ಕಲಿಯಬೇಕೆಂಬ ಹಂಬಲವಿರುವ ಊರುಕಡೆಯ ಹುಡುಗ ಹುಡುಗಿಯರಲ್ಲಿ ಬಹುಪಾಲು ಮಂದಿ ಅರ್ಜಿಯವರೆಗೂ ಹೋಗುವುದಿಲ್ಲ. ಹೋದವರಲ್ಲಿಯೂ ಅನೇಕರು ತಮ್ಮನ್ನು ಯಾವುದಕ್ಕಾಗಿ ಪರೀಕ್ಷಿಸಲಾಗುತ್ತಿದೆ ಎಂಬುದನ್ನು ಸರಿಯಾಗಿ ಅರಿಯದೆಯೇ ಪರೀಕ್ಷಾ ಕೊಠಡಿಗೆ ಕಾಲಿಡುತ್ತಾರೆ.

ಈ ಶಾಲೆ ನಿಂತಿರುವ ನೆಲಕ್ಕೆ ಅದಕ್ಕಿಂತ ಹಳೆಯ ಇತಿಹಾಸವಿದೆ. 1929ರಲ್ಲಿ ಕೊಲ್ಹಾಪುರದಲ್ಲಿ ಆರಂಭವಾಗಿ 1933ರಲ್ಲಿ ಪುಣೆಗೆ ಬಂದ ಪ್ರಭಾತ್ ಫಿಲ್ಮ್ ಕಂಪನಿಯ ಸ್ಟುಡಿಯೊ ಇಲ್ಲಿಯೇ ಇತ್ತು. 1936ರ ‘ಸಂತ ತುಕಾರಾಮ್’ ತಯಾರಾದದ್ದೂ ಇದೇ ಆವರಣದಲ್ಲಿ. ಚಿತ್ರೋದ್ಯಮದ ಸ್ಥಿತಿಗತಿ ಪರಿಶೀಲಿಸಲು ಸ್ವಾತಂತ್ರ್ಯಾನಂತರ ನೇಮಕಗೊಂಡ ಎಸ್.ಕೆ. ಪಾಟೀಲ್ ಸಮಿತಿಯು 1951ರ ತನ್ನ ವರದಿಯಲ್ಲಿ ಚಲನಚಿತ್ರ ಶಿಕ್ಷಣಕ್ಕೆ ಸರ್ಕಾರವೇ ಒಂದು ಸಂಸ್ಥೆ ಕಟ್ಟಬೇಕೆಂದು ಶಿಫಾರಸು ಮಾಡಿತು. ಆ ಶಿಫಾರಸು ಕಾರ್ಯರೂಪಕ್ಕೆ ಬಂದದ್ದು 1960ರಲ್ಲಿ, ಮುಚ್ಚಿಹೋಗಿದ್ದ ಪ್ರಭಾತ್ ಸ್ಟುಡಿಯೊದ ಕಟ್ಟಡಗಳಲ್ಲಿ. ಋತ್ವಿಕ್ ಘಟಕ್ 1960ರ ದಶಕದ ನಡುವಿನಲ್ಲಿ ಅಲ್ಪಕಾಲ ಇಲ್ಲಿ ಪಾಠ ಹೇಳಿದರು, ಗಿರೀಶ ಕಾರ್ನಾಡರು 1974-75ರಲ್ಲಿ ನಿರ್ದೇಶಕರಾಗಿದ್ದರು, ಯು.ಆರ್. ಅನಂತಮೂರ್ತಿಯವರು ಮುಂದೆ ಸಂಸ್ಥೆಯ ಅಧ್ಯಕ್ಷರಾದರು. ವಾರ್ತಾ ಮತ್ತು ಪ್ರಸಾರ ಸಚಿವಾಲಯದ ಅಧೀನದಲ್ಲಿ ಬೆಳೆದ ಈ ಸಂಸ್ಥೆಗೂ 1995ರಲ್ಲಿ ಕೋಲ್ಕತ್ತದಲ್ಲಿ ಸ್ಥಾಪನೆಯಾದ ಸತ್ಯಜಿತ್ ರೇ ಸಂಸ್ಥೆಗೂ 2025ರಲ್ಲಿ ಡೀಮ್ಡ್ ವಿಶ್ವವಿದ್ಯಾಲಯದ ಸ್ಥಾನ, ಅಂದರೆ ಬೇರೊಂದು ವಿಶ್ವವಿದ್ಯಾಲಯದ ಆಶ್ರಯವಿಲ್ಲದೆ ತಾವೇ ಪದವಿ ನೀಡುವ ಅಧಿಕಾರ, ದೊರೆತಿದೆ.

ಸ್ಥಾನಗಳು ಇಷ್ಟು ಕಡಿಮೆ ಏಕೆ ಎಂಬ ಪ್ರಶ್ನೆಗೆ ಉತ್ತರ ಕಲಿಕೆಯ ಕ್ರಮದಲ್ಲಿಯೇ ಇದೆ. ಇಲ್ಲಿ ಸಿನಿಮಾವನ್ನು ಕಲಿಯುವುದೆಂದರೆ ಸಿನಿಮಾ ಮಾಡುವುದು. ನಿರ್ದೇಶನದ ಒಬ್ಬ ವಿದ್ಯಾರ್ಥಿ, ಛಾಯಾಗ್ರಹಣದ ಒಬ್ಬ, ಸಂಕಲನದ ಒಬ್ಬ, ಧ್ವನಿಯ ಒಬ್ಬ ಸೇರಿ ಒಂದು ತಂಡವಾಗುತ್ತದೆ. ಆ ತಂಡ ಚಿಕ್ಕ ಅಭ್ಯಾಸಗಳಿಂದ ಆರಂಭಿಸಿ ಕೊನೆಗೆ ಡಿಪ್ಲೊಮಾ ಚಿತ್ರ ಎಂದು ಕರೆಯಲಾಗುವ, ಇಡೀ ವ್ಯಾಸಂಗದ ಫಲವಾದ ಕಿರುಚಿತ್ರವನ್ನು ತಯಾರಿಸುತ್ತದೆ. ಹತ್ತು ತಂಡಗಳಿಗೆ ಕ್ಯಾಮೆರಾ, ಬೆಳಕಿನ ಸಲಕರಣೆ, ಸ್ಟುಡಿಯೊ, ಸಂಕಲನ ಕೊಠಡಿ, ಚಿತ್ರೀಕರಣದ ದಿನಗಳು ಮತ್ತು ಮಾರ್ಗದರ್ಶಕರ ಸಮಯವನ್ನು ಒದಗಿಸುವುದೇ ಪ್ರಯಾಸದ ಕೆಲಸವಾಗಿರುವಾಗ, ತರಗತಿಗೆ ಅರವತ್ತು ಮಂದಿಯನ್ನು ತುಂಬುವ ಮಾತು ಹುಟ್ಟುವುದೇ ಇಲ್ಲ. ವಿಭಾಗ ವಿಭಾಗಗಳ ಸಂಖ್ಯೆ ಹೆಚ್ಚೂಕಡಿಮೆ ಸಮನಾಗಿರುವುದಕ್ಕೂ ಇದೇ ಕಾರಣ: ಧ್ವನಿ ವಿಭಾಗದಲ್ಲಿ ಒಬ್ಬರು ಕಡಿಮೆಯಾದರೆ ಎಲ್ಲೋ ಒಂದು ತಂಡ ಕುಂಟುತ್ತದೆ.

ತಂಡದ ಈ ಸ್ವರೂಪವನ್ನು ಮೊದಲೇ ಅರಿತವರಿಗೆ ಅರ್ಜಿಯ ಮೊದಲ ನಿರ್ಧಾರ, ಅಂದರೆ ಯಾವ ವಿಭಾಗ ಎಂಬುದು, ಬೇರೆಯೇ ರೀತಿಯಲ್ಲಿ ಕಾಣುತ್ತದೆ. ಸಿನಿಮಾ ಎಂದೊಡನೆ ನಿರ್ದೇಶನ ಎಂದುಕೊಂಡು ಬಹುತೇಕರು ಅದೊಂದಕ್ಕೇ ಮುಗಿಬೀಳುತ್ತಾರೆ; ಆದ್ದರಿಂದ ಅಲ್ಲಿ ಪೈಪೋಟಿ ಹೆಚ್ಚು. ಅದಕ್ಕಿಂತಲೂ ಮುಖ್ಯವಾದ ಸಂಗತಿ ಏನೆಂದರೆ, ಅವರಲ್ಲಿ ಅನೇಕರ ನಿಜವಾದ ಒಲವು ಬೇರೆ ಕಡೆಗೆ ಇರುತ್ತದೆ. ಹಂಚಿನ ಮೇಲೆ ಬೀಳುವ ಮಳೆಗೂ ತಗಡಿನ ಮೇಲೆ ಬೀಳುವ ಮಳೆಗೂ ಇರುವ ವ್ಯತ್ಯಾಸವನ್ನು ಕಣ್ಣು ಮುಚ್ಚಿ ಹೇಳಬಲ್ಲವರು, ಪಕ್ಕದ ಕೋಣೆಯ ಮಾತು ಗೋಡೆ ದಾಟಿ ಬರುವಾಗ ಯಾವ ಅಕ್ಷರಗಳು ಉಳಿದು ಯಾವುವು ಅಳಿಯುತ್ತವೆ ಎಂದು ಗಮನಿಸುವವರು ಧ್ವನಿ ವಿಭಾಗಕ್ಕೆ ಹೇಳಿಮಾಡಿಸಿದವರು. ಆದರೆ ಅಂಥದೊಂದು ವಿಭಾಗ ಇದೆಯೆಂದೇ ಅವರಿಗೆ ಯಾರೂ ಹೇಳಿರುವುದಿಲ್ಲ. 2009ರಲ್ಲಿ ‘ಸ್ಲಮ್‌ಡಾಗ್ ಮಿಲಿಯನೇರ್’ ಚಿತ್ರದ ಧ್ವನಿಮಿಶ್ರಣಕ್ಕಾಗಿ ಆಸ್ಕರ್ ಪಡೆದವರಲ್ಲಿ ಒಬ್ಬರಾದ ರಸೂಲ್ ಪೂಕುಟ್ಟಿ ಈ ವಿಭಾಗದಿಂದಲೇ 1995ರಲ್ಲಿ ಹೊರಬಂದವರು. ರೇಣು ಸಲೂಜಾ ಅವರ ಪ್ರಸಂಗ ಇನ್ನೂ ಗಮನಾರ್ಹ. ನಿರ್ದೇಶನಕ್ಕೆ ಅರ್ಜಿ ಹಾಕಿ ಸ್ಥಾನ ಸಿಗದೆ ಸಂಕಲನ ವಿಭಾಗ ಸೇರಿದ ಅವರು ‘ಜಾನೇ ಭೀ ದೋ ಯಾರೋ’, ‘ಪರಿಂದಾ’, ‘ಧಾರಾವಿ’ಯಂಥ ಚಿತ್ರಗಳ ಸಂಕಲನಕಾರ್ತಿಯಾಗಿ ನಾಲ್ಕು ಬಾರಿ ರಾಷ್ಟ್ರಪ್ರಶಸ್ತಿ ಪಡೆದರು, ಗಂಡಸರೇ ತುಂಬಿದ್ದ ಒಂದು ಕಸುಬಿನ ಸ್ವರೂಪವನ್ನು ಅವರು ಬದಲಿಸಿದರೆಂದರೆ ಅತಿಶಯೋಕ್ತಿಯಾಗದು.

ಅರ್ಹತೆಯ ನಿಯಮಗಳು ಸರಳ. ಹೆಚ್ಚಿನ ವಿಭಾಗಗಳಿಗೆ ಯಾವುದೇ ವಿಷಯದ ಪದವಿ ಸಾಕು. ಧ್ವನಿ ವಿಭಾಗಕ್ಕೆ ಪಿಯುಸಿ ಮಟ್ಟದಲ್ಲಿ ಭೌತಶಾಸ್ತ್ರ ಓದಿರಬೇಕು. ಕಲಾ ನಿರ್ದೇಶನಕ್ಕೆ ಚಿತ್ರಕಲೆ, ಶಿಲ್ಪ, ವಾಸ್ತುಶಿಲ್ಪ ಅಥವಾ ವಿನ್ಯಾಸದಂಥ ಸಂಬಂಧಪಟ್ಟ ಪದವಿ ಬೇಕು. ಕೇಂದ್ರ ಸರ್ಕಾರದ ಮೀಸಲಾತಿ ನಿಯಮಗಳು ಅನ್ವಯಿಸುತ್ತವೆ. ಪದವಿಯ ವಿಷಯ ಯಾವುದೇ ಆಗಿರಬಹುದೆಂಬ ನಿಯಮ ಬರಿಯ ಸೌಜನ್ಯಕ್ಕಾಗಿ ಬರೆದದ್ದಲ್ಲವೆಂಬುದಕ್ಕೆ ಕರ್ನಾಟಕದವರೇ ಸಾಕ್ಷಿಯಾಗಿದ್ದಾರೆ. ತೀರ್ಥಹಳ್ಳಿ ತಾಲ್ಲೂಕಿನ ಕೆಸಲೂರಿನ ಗಿರೀಶ ಕಾಸರವಳ್ಳಿಯವರು ಮಣಿಪಾಲದಲ್ಲಿ ಔಷಧ ವಿಜ್ಞಾನ ಓದಿ ಪುಣೆಗೆ ಹೋದವರು; 1975ರಲ್ಲಿ ವ್ಯಾಸಂಗ ಮುಗಿಸುವಾಗ ಮಾಡಿದ ‘ಅವಶೇಷ್’ ಎಂಬ ಡಿಪ್ಲೊಮಾ ಚಿತ್ರಕ್ಕೆ ರಾಷ್ಟ್ರಪ್ರಶಸ್ತಿ ಬಂತು, ಎರಡೇ ವರ್ಷಗಳಲ್ಲಿ ‘ಘಟಶ್ರಾದ್ಧ’ಕ್ಕೆ ಸ್ವರ್ಣಕಮಲ ದೊರೆಯಿತು. ಅದಾಗಿ ಸುಮಾರು ಅರ್ಧ ಶತಮಾನದ ನಂತರ ಅದೇ ಶಾಲೆಯ ಒಂದು ವರ್ಷದ ದೂರದರ್ಶನ ನಿರ್ದೇಶನದ ವ್ಯಾಸಂಗಕ್ಕೆ ಸೇರಿದ ಚಿದಾನಂದ ಎಸ್. ನಾಯ್ಕ್ ಓದಿದ್ದು ವೈದ್ಯಕೀಯ.

ಆಯ್ಕೆ ಹಲವು ಹಂತಗಳಲ್ಲಿ ನಡೆಯುತ್ತದೆ. ಮೊದಲನೆಯದು ದೇಶದ ಬೇರೆಬೇರೆ ನಗರಗಳಲ್ಲಿ ನಡೆಯುವ ಲಿಖಿತ ಪರೀಕ್ಷೆ. ಬೆಂಗಳೂರೂ ಅದಕ್ಕೊಂದು ಕೇಂದ್ರ. ಇದರಲ್ಲಿ ಒಂದು ಭಾಗ ಸರಿಯುತ್ತರ ಗುರುತಿಸುವ ವಸ್ತುನಿಷ್ಠ ಪ್ರಶ್ನೆಗಳದು, ಇನ್ನೊಂದು ಭಾಗ ವಿವರಿಸಿ ಬರೆಯುವಂಥದು. ಕಲೆ, ಸಾಹಿತ್ಯ, ಸಂಗೀತ, ಇತಿಹಾಸ, ಪ್ರಚಲಿತ ವಿದ್ಯಮಾನ, ಸಿನಿಮಾದ ಚರಿತ್ರೆ ಇವೆಲ್ಲ ಮೊದಲ ಭಾಗದ ವ್ಯಾಪ್ತಿಗೆ ಬರುತ್ತವೆ. ಇದಕ್ಕೆ ಓದಿನಿಂದ ಸಿದ್ಧವಾಗಬಹುದು, ಸಿದ್ಧವಾಗಲೂಬೇಕು. ಅದರ ಬಗ್ಗೆ ಹೆಚ್ಚು ಹೇಳುವುದು ಇಲ್ಲ. ಅಭ್ಯರ್ಥಿಗಳು ಎಡವುವುದು ಎರಡನೆಯ ಭಾಗದಲ್ಲಿ.

ಆ ಭಾಗದ ಸ್ವಭಾವವನ್ನು ಒಂದು ಕಲ್ಪಿತ ಪ್ರಶ್ನೆಯ ಮೂಲಕ ನೋಡಬಹುದು. ಸಂತೆ ಮುಗಿದ ಮೇಲೆ ಮೈದಾನದಲ್ಲಿ ಉಳಿದ ಒಬ್ಬ ತರಕಾರಿ ಮಾರುವ ಹೆಂಗಸನ್ನು ಕುರಿತು ಮಾತಿಲ್ಲದ ಒಂದು ದೃಶ್ಯ ಬರೆಯಬೇಕೆಂದು ಕೇಳಲಾಗಿದೆ ಎಂದಿಟ್ಟುಕೊಳ್ಳೋಣ. ಶಾಲೆಯ ಪ್ರಬಂಧ ಬರೆದು ಪಳಗಿದ ಕೈ, ಅವಳು ಬಡವಳು, ದಿನವಿಡೀ ದುಡಿದು ಸೋತಿದ್ದಾಳೆ, ಅವಳ ಮನಸ್ಸು ನೋವಿನಿಂದ ತುಂಬಿದೆ ಎಂದು ಬರೆಯುತ್ತದೆ. ಇವುಗಳಲ್ಲಿ ಒಂದನ್ನೂ ಕ್ಯಾಮೆರಾ ಕಾಣಲಾರದು. ಅದೇ ಹೆಂಗಸು ತಕ್ಕಡಿಯ ಬಟ್ಟಲುಗಳನ್ನು ಒಂದರೊಳಗೊಂದು ಇಡುತ್ತಾಳೆ. ಉಳಿದ ಬದನೆಕಾಯಿಗಳಲ್ಲಿ ಸುಕ್ಕಾದವನ್ನು ಬೇರೆ ಮಾಡುತ್ತಾಳೆ. ರಸ್ತೆಯ ಕಡೆಯಿಂದ ಟೆಂಪೊದ ಹಾರ್ನ್ ಒಂದು ಸಲ ಕೇಳಿಸುತ್ತದೆ. ಸೊಪ್ಪಿನ ರಾಶಿಗೆ ಬಾಯಿ ಹಾಕಿದ ದನವನ್ನು ಕೈಬೀಸಿ ಓಡಿಸುತ್ತಾಳೆ. ಹಾರ್ನ್ ಮತ್ತೆ ಎರಡು ಸಲ ಕೂಗುತ್ತದೆ. ದನ ತಿರುಗಿ ಬರುತ್ತದೆ, ಈ ಸಲ ಅವಳು ಅದನ್ನು ಓಡಿಸುವುದಿಲ್ಲ. ಮೊದಲ ಸಲ ಓಡಿಸಿದ ಕೈ ಎರಡನೆಯ ಸಲ ಏಳದಿರುವುದರಲ್ಲಿ ಆ ದಿನದ ವ್ಯಾಪಾರದ ಕಥೆಯೆಲ್ಲ ಇದೆ. ಹಾರ್ನಿನ ಮೂಲಕ, ಅವಳಿಗಾಗಿ ಕಾಯುತ್ತಿರುವ ಮತ್ತು ತಾಳ್ಮೆ ಕಳೆದುಕೊಳ್ಳುತ್ತಿರುವ ಇನ್ನೊಬ್ಬರು ತೆರೆಯ ಮೇಲೆ ಕಾಣದೆಯೇ ದೃಶ್ಯದೊಳಗೆ ಬಂದಿದ್ದಾರೆ. ಪರೀಕ್ಷಕರು ಹುಡುಕುವುದು ಈ ಬಗೆಯ ಗಮನವನ್ನು. ಇದಕ್ಕೆ ದೊಡ್ಡ ಶಬ್ದಸಂಪತ್ತು ಬೇಕಿಲ್ಲ, ವಿದೇಶಿ ನಿರ್ದೇಶಕರ ಹೆಸರುಗಳ ಪಟ್ಟಿಯೂ ಬೇಕಿಲ್ಲ. ಸಂತೆಯಲ್ಲಿ ನಿಂತು ನೋಡಿರಬೇಕು.

ಲಿಖಿತ ಪರೀಕ್ಷೆಯಲ್ಲಿ ತೇರ್ಗಡೆಯಾದವರಲ್ಲಿ ಕೆಲವರನ್ನು ಮುಂದಿನ ಹಂತಕ್ಕೆ ಕರೆಯುತ್ತಾರೆ. ಓರಿಯಂಟೇಷನ್ ಎಂದು ಕರೆಯಲಾಗುವ ಪರಿಚಯ ಶಿಬಿರ ಮತ್ತು ಸಂದರ್ಶನ ಈ ಹಂತದ ಎರಡು ಅಂಗಗಳು. ಶಿಬಿರದಲ್ಲಿ ಚಿತ್ರ ತೋರಿಸಿ ಅದರ ಬಗ್ಗೆ ಬರೆಸುವುದು, ಆಯಾ ವಿಭಾಗಕ್ಕೆ ತಕ್ಕಂತೆ ಪ್ರಾಯೋಗಿಕ ಅಭ್ಯಾಸ ಮಾಡಿಸುವುದು, ಅಭ್ಯರ್ಥಿಗಳನ್ನು ಪರಸ್ಪರ ಚರ್ಚೆಗೆ ಹಚ್ಚುವುದು ಮುಂತಾದವು ನಡೆಯುತ್ತವೆ. ಅಂತಿಮ ಪಟ್ಟಿ ಸಿದ್ಧವಾಗುವಾಗ ಲಿಖಿತ ಪರೀಕ್ಷೆಯ ಅಂಕಕ್ಕಿಂತ ಈ ಎರಡನೆಯ ಹಂತಕ್ಕೇ ಹೆಚ್ಚು ತೂಕ ಇರುತ್ತದೆ ಎಂಬುದನ್ನು ಅರ್ಜಿದಾರರು ಮೊದಲೇ ತಿಳಿದಿರುವುದು ಒಳ್ಳೆಯದು. ಸಿನಿಮಾ ಹತ್ತಾರು ಜನ ಕೂಡಿ ಮಾಡುವ ಕೆಲಸವಾದ್ದರಿಂದ, ಇನ್ನೊಬ್ಬರ ಮಾತನ್ನು ಕೇಳಿಸಿಕೊಂಡು ಅದರ ಮೇಲೆ ತಮ್ಮ ಯೋಚನೆಯನ್ನು ಕಟ್ಟಬಲ್ಲವರು ಯಾರು, ತಾವು ಹೇಳಿದ್ದೇ ನಡೆಯಬೇಕೆಂದು ಪಟ್ಟು ಹಿಡಿಯುವವರು ಯಾರು ಎಂಬುದು ಇಂಥ ಶಿಬಿರದಲ್ಲಿ ತಾನಾಗಿಯೇ ಬಯಲಾಗುತ್ತದೆ.

ಸಂದರ್ಶನಕ್ಕೆ ಮುನ್ನ ಅಭ್ಯರ್ಥಿಯಿಂದ ಸ್ಟೇಟ್‌ಮೆಂಟ್ ಆಫ್ ಪರ್ಪಸ್ ಎಂಬ ಬರಹ ಕೇಳುವುದುಂಟು. ತಾನು ಯಾರು, ಈ ವ್ಯಾಸಂಗವನ್ನೇ ಏಕೆ ಬಯಸುತ್ತೇನೆ ಎಂಬುದನ್ನು ವಿವರಿಸುವ ಪತ್ರ ಅದು. ಬಾಲ್ಯದಿಂದಲೂ ಸಿನಿಮಾ ಎಂದರೆ ಪ್ರಾಣ ಎಂಬ ವಾಕ್ಯದಿಂದ ಆರಂಭವಾಗುವ ಪತ್ರಗಳು ಒಂದನ್ನೊಂದು ಹೋಲುತ್ತವೆ, ಅವುಗಳಿಂದ ಬರೆದವರ ಮುಖ ಕಾಣುವುದಿಲ್ಲ. ಚನ್ನಪಟ್ಟಣದ ಗೊಂಬೆ ಮಾಡುವವರ ಮನೆಯಲ್ಲಿ ಬೆಳೆದವರು ಕೇದಗೆ ಎಲೆಯಿಂದ ಅರಗು ಉಜ್ಜುವಾಗ ಬಣ್ಣ ಹೊಳಪಿಗೆ ಬರುವ ಆ ಕ್ಷಣದ ಬಗ್ಗೆ ಬರೆದರೆ, ಛಾಯಾಗ್ರಹಣಕ್ಕೆ ಬೇಕಾದ ಕಣ್ಣು ಅವರಿಗಿದೆಯೆಂದು ಓದುವವರಿಗೆ ಮನವರಿಕೆಯಾಗುತ್ತದೆ. ಸಂದರ್ಶನದ ಪ್ರಶ್ನೆಗಳೂ ಬಹುಮಟ್ಟಿಗೆ ಈ ಪತ್ರದಿಂದಲೇ ಹುಟ್ಟುವುದರಿಂದ, ನೋಡದ ಚಿತ್ರವನ್ನು ನೋಡಿರುವುದಾಗಿಯೂ ಓದದ ಪುಸ್ತಕವನ್ನು ಓದಿರುವುದಾಗಿಯೂ ಬರೆದವರು ಎರಡನೆಯ ಪ್ರಶ್ನೆಗೇ ಸಿಕ್ಕಿಬೀಳುತ್ತಾರೆ. ಗೊತ್ತಿಲ್ಲದ್ದನ್ನು ಗೊತ್ತಿಲ್ಲವೆಂದು ಹೇಳಿ, ಗೊತ್ತಿರುವ ಒಂದು ಚಿತ್ರದ ಬಗ್ಗೆ ದೃಶ್ಯ ದೃಶ್ಯವಾಗಿ ಮಾತನಾಡುವುದೇ ಮೇಲು. ಅದು ಡಾ. ರಾಜ್‌ಕುಮಾರ್ ಅವರ ಜನಪ್ರಿಯ ಚಿತ್ರವಾದರೂ ಅಡ್ಡಿಯಿಲ್ಲ. ಯಾವುದನ್ನು ನೋಡಿದರು ಎಂಬುದಕ್ಕಿಂತ ಹೇಗೆ ನೋಡಿದರು ಎಂಬುದರಿಂದಲೇ ಅಭ್ಯರ್ಥಿಯ ಯೋಗ್ಯತೆ ತಿಳಿಯುತ್ತದೆ.

ಬೇರೆ ದೇಶಗಳ ಪ್ರತಿಷ್ಠಿತ ಶಾಲೆಗಳ ಕ್ರಮವೂ ಇದನ್ನೇ ಹೇಳುತ್ತದೆ. ಪ್ಯಾರಿಸ್ಸಿನ ಲಾ ಫೆಮಿಸ್ ಶಾಲೆ ತನ್ನ ಪ್ರವೇಶ ಪರೀಕ್ಷೆಯ ಮೊದಲ ಹಂತದಲ್ಲಿ ಕೆಲವು ವಿಷಯಗಳನ್ನು ಕೊಟ್ಟು, ಅವುಗಳಲ್ಲಿ ಒಂದನ್ನು ಆರಿಸಿಕೊಂಡು ಅದರ ಸುತ್ತ ತಾವೇ ಹೊರಗೆ ಓಡಾಡಿ, ಜನರನ್ನು ಕಂಡು, ಸ್ಥಳಗಳನ್ನು ನೋಡಿ ಒಂದು ಶೋಧನೆಯ ಕಡತ ತಯಾರಿಸಬೇಕೆಂದು ಕೇಳುತ್ತದೆ. ಪೋಲೆಂಡಿನ ವುಡ್ಜ್ ನಗರದ ಚಲನಚಿತ್ರ ಶಾಲೆಯೂ ಅಷ್ಟೇ ಕಠಿಣವಾದ ಆಯ್ಕೆಗೆ ಹೆಸರಾದದ್ದು; ಮುಂದೆ ‘ಡೆಕಲಾಗ್’ ಮಾಡಿದ ಕ್ರಿಸ್ತೋಫ್ ಕೀಶ್ಲೋವ್‌ಸ್ಕಿ ಅಲ್ಲಿ ಎರಡು ಬಾರಿ ತಿರಸ್ಕೃತರಾಗಿ ಮೂರನೆಯ ಪ್ರಯತ್ನದಲ್ಲಿ ಸೇರಿದರು. ಪುಣೆಯಲ್ಲಿಯೂ ಹೀಗೆ ನಡೆದಿದೆ. 2024ರ ಕಾನ್ ಚಿತ್ರೋತ್ಸವದಲ್ಲಿ ‘ಆಲ್ ವಿ ಇಮ್ಯಾಜಿನ್ ಆ್ಯಸ್ ಲೈಟ್’ ಚಿತ್ರಕ್ಕೆ ಗ್ರಾಂ ಪ್ರಿ ಎಂಬ ಎರಡನೆಯ ಅತ್ಯುನ್ನತ ಪ್ರಶಸ್ತಿ ಪಡೆದ ಪಾಯಲ್ ಕಪಾಡಿಯಾ ಎಫ್‌ಟಿಐಐ ಪ್ರವೇಶ ಪಡೆದದ್ದು ಎರಡನೆಯ ಪ್ರಯತ್ನದಲ್ಲಿ. ಮನುಷ್ಯರು ಮನುಷ್ಯರನ್ನು ಕೆಲವೇ ಗಂಟೆಗಳಲ್ಲಿ ಅಳೆಯುವ ಯಾವ ಪರೀಕ್ಷೆಯೂ ತಪ್ಪದೆ ಇರಲಾರದು. ಪಟ್ಟಿಯಲ್ಲಿ ಹೆಸರಿಲ್ಲವೆಂಬುದನ್ನು ತಮ್ಮ ಪ್ರತಿಭೆಯ ಮೇಲಿನ ತೀರ್ಪೆಂದು ಇಪ್ಪತ್ತೆರಡನೆಯ ವಯಸ್ಸಿನಲ್ಲಿ ಒಪ್ಪಿಕೊಂಡುಬಿಡುವುದು ಅಭ್ಯರ್ಥಿಗಳು ತಮಗೆ ತಾವೇ ಮಾಡಿಕೊಳ್ಳುವ ಅನ್ಯಾಯ.

ಪರೀಕ್ಷೆಯ ವಿಧಾನ ಇಷ್ಟು ಉದಾರವಾಗಿದ್ದರೂ ಅದರ ಭಾಷೆ ಹಾಗಿಲ್ಲ. ಪ್ರಶ್ನೆಪತ್ರಿಕೆ ಇಂಗ್ಲಿಷ್ ಮತ್ತು ಹಿಂದಿಯಲ್ಲಿರುತ್ತದೆ, ಉತ್ತರವನ್ನೂ ಆ ಎರಡರಲ್ಲಿ ಒಂದರಲ್ಲಿ ಬರೆಯಬೇಕು. ಹಿಂದಿ ಮನೆಮಾತಾಗಿರುವ ಅಭ್ಯರ್ಥಿಯು ತನ್ನ ಅಜ್ಜಿಯ ಅಡುಗೆಮನೆಯನ್ನು ತನ್ನ ಅಜ್ಜಿಯ ಮಾತಿನಲ್ಲಿಯೇ ವರ್ಣಿಸಬಲ್ಲ. ಕನ್ನಡ ಮಾಧ್ಯಮದಲ್ಲಿ ಓದಿದ ರಾಯಚೂರಿನ ಅಥವಾ ಚಾಮರಾಜನಗರದ ಅಭ್ಯರ್ಥಿಗೆ ಆ ಅವಕಾಶವಿಲ್ಲ. ಪರೀಕ್ಷೆ ಯಾವ ಸೂಕ್ಷ್ಮತೆಯನ್ನು ಬೇಡುತ್ತದೋ ಆ ಸೂಕ್ಷ್ಮತೆ ಮೊದಲು ಮಡಿಯುವುದು ಕಷ್ಟಪಟ್ಟು ಬರೆಯುವ ಎರಡನೆಯ ಭಾಷೆಯಲ್ಲಿ. ವೈದ್ಯಕೀಯ ಪ್ರವೇಶದ ನೀಟ್ ಮತ್ತು ಎಂಜಿನಿಯರಿಂಗಿನ ಜೆಇಇ ಮೇನ್ ಪರೀಕ್ಷೆಗಳನ್ನು ಕನ್ನಡವೂ ಸೇರಿದಂತೆ 13 ಭಾಷೆಗಳಲ್ಲಿ ನಡೆಸಲು ಸಾಧ್ಯವಾಗಿರುವಾಗ, ಭಾಷೆಯೊಡನೆ ಅವುಗಳಿಗಿಂತ ಎಷ್ಟೋ ಹತ್ತಿರದ ನಂಟಿರುವ ಒಂದು ಕಲೆಯ ಪರೀಕ್ಷೆಯನ್ನು ಎರಡೇ ಭಾಷೆಗಳಿಗೆ ಸೀಮಿತಗೊಳಿಸಿರುವುದಕ್ಕೆ ಸಮರ್ಥನೆ ಹುಡುಕುವುದು ಕಷ್ಟ. ಅರ್ಜಿದಾರರ ಸಂಖ್ಯೆ ಆ ಪರೀಕ್ಷೆಗಳಿಗೆ ಹೋಲಿಸಿದರೆ ಅತ್ಯಲ್ಪವಾಗಿರುವುದರಿಂದ, ಕನ್ನಡ ಬಲ್ಲ ಕೆಲವು ಮೌಲ್ಯಮಾಪಕರನ್ನು ಗೊತ್ತುಪಡಿಸುವುದು ಅಸಾಧ್ಯದ ಕೆಲಸವೂ ಅಲ್ಲ.

ಈ ತಡೆ ತೆರವಾಗುವವರೆಗೆ ಅಭ್ಯರ್ಥಿಗಳಿಗೆ ಒದಗುವ ಒಂದು ಅನುಕೂಲವೆಂದರೆ ಚಿತ್ರಕಥೆಯ ಭಾಷೆಯ ಸ್ವಭಾವ. ಚಿತ್ರಕಥೆಯನ್ನು ವರ್ತಮಾನ ಕಾಲದಲ್ಲಿ, ಚಿಕ್ಕ ವಾಕ್ಯಗಳಲ್ಲಿ, ಕಾಣುವುದನ್ನು ಮತ್ತು ಕೇಳುವುದನ್ನು ಮಾತ್ರ ಹೇಳುತ್ತಾ ಬರೆಯುತ್ತಾರೆ. ಆಕೆ ತಕ್ಕಡಿ ಮಡಚುತ್ತಾಳೆ, ದನ ಬರುತ್ತದೆ ಎಂಬಷ್ಟು ಸರಳ ವಾಕ್ಯಗಳಿಗೆ ಪಿಯುಸಿ ಮಟ್ಟದ ಇಂಗ್ಲಿಷ್ ಸಾಕು. ದಿನಕ್ಕೊಂದು ದೃಶ್ಯವನ್ನು ಮೊದಲು ಕನ್ನಡದಲ್ಲಿ ಬರೆದು, ಆಮೇಲೆ ಅದನ್ನೇ ಸರಳ ಇಂಗ್ಲಿಷಿನಲ್ಲಿ ಬರೆಯುವ ರೂಢಿಯನ್ನು ಆರು ತಿಂಗಳು ಬಿಡದೆ ನಡೆಸಿದರೆ ಭಾಷೆಯ ಭಯ ಬಹುಮಟ್ಟಿಗೆ ಇಳಿಯುತ್ತದೆ.

ಕನ್ನಡದ ವಸ್ತುವಿಗೆ ಆ ಶಾಲೆಯಲ್ಲಿ ಜಾಗವಿದೆಯೇ ಎಂಬ ಅಳುಕು ಯಾರಿಗಾದರೂ ಇದ್ದರೆ, ಅದಕ್ಕೆ ಉತ್ತರವಾಗಿ ಚಿದಾನಂದ ನಾಯ್ಕ್ ಅವರ ‘ಸನ್‌ಫ್ಲವರ್ಸ್ ವರ್ ದ ಫಸ್ಟ್ ಒನ್ಸ್ ಟು ನೋ’ ಇದೆ. ಮುದುಕಿಯೊಬ್ಬಳು ಹುಂಜ ಕದ್ದೊಯ್ದದ್ದರಿಂದ ಊರಿಗೆ ಬೆಳಗೇ ಆಗದೆ ಹೋಗುವ ಜನಪದ ಕಥೆಯನ್ನು ಆಧರಿಸಿ, ಕನ್ನಡದಲ್ಲಿಯೇ, ನಾಲ್ಕು ದಿನಗಳಲ್ಲಿ ಚಿತ್ರೀಕರಿಸಿದ ಸುಮಾರು 16 ನಿಮಿಷಗಳ ಈ ವಿದ್ಯಾರ್ಥಿ ಚಿತ್ರಕ್ಕೆ 2024ರ ಕಾನ್ ಉತ್ಸವದ ಲಾ ಸಿನೆಫ್ ವಿಭಾಗದಲ್ಲಿ, ಅಂದರೆ ಜಗತ್ತಿನ ಚಲನಚಿತ್ರ ಶಾಲೆಗಳ ವಿದ್ಯಾರ್ಥಿಗಳಿಗೆಂದೇ ಇರುವ ಸ್ಪರ್ಧೆಯಲ್ಲಿ, ಪ್ರಥಮ ಬಹುಮಾನ ಬಂತು. ಕೋಳಿ ಕೂಗದಿದ್ದರೆ ಬೆಳಗಾಗುವುದಿಲ್ಲವೆಂದು ನಂಬಿದ ಮುದುಕಿಯ ಕಥೆಯನ್ನು ಕೇಳದೆ ಬೆಳೆದ ಕನ್ನಡಿಗರು ವಿರಳ. ಅಷ್ಟು ಪರಿಚಿತವಾದದ್ದನ್ನು ಒಂದು ಇರುಳಿನ ಚಿತ್ರವಾಗಿ ಕಂಡವರು ಅವರೊಬ್ಬರು.

ವೈದ್ಯಕೀಯ ತಪಾಸಣೆಯ ಹಂತವೊಂದು ದೀರ್ಘಕಾಲ ಅನೇಕರ ದಾರಿಗೆ ಅಡ್ಡವಾಗಿತ್ತು. ಕೆಂಪು, ಹಸಿರಿನಂಥ ಬಣ್ಣಗಳ ವ್ಯತ್ಯಾಸ ಸರಿಯಾಗಿ ಗೋಚರಿಸದ ಸ್ಥಿತಿಯನ್ನು ವರ್ಣಾಂಧತೆ ಎನ್ನುತ್ತಾರೆ. ಅದು ಇದ್ದವರಿಗೆ ಎಫ್‌ಟಿಐಐನ ಹಲವು ವಿಭಾಗಗಳಲ್ಲಿ ಪ್ರವೇಶವಿರಲಿಲ್ಲ. ಸಂಕಲನ ವಿಭಾಗಕ್ಕೆ ಆಯ್ಕೆಯಾಗಿ ಈ ಕಾರಣಕ್ಕೆ ಹೊರಗುಳಿದ ಅಭ್ಯರ್ಥಿಯೊಬ್ಬರು ನ್ಯಾಯಾಲಯದ ಮೊರೆಹೋದರು. ಬಾಂಬೆ ಹೈಕೋರ್ಟಿನಲ್ಲಿ ಸೋತ ಬಳಿಕ ಪ್ರಕರಣ ಸುಪ್ರೀಂ ಕೋರ್ಟಿಗೆ ಹೋಯಿತು. ನೇತ್ರತಜ್ಞರು ಮತ್ತು ಚಿತ್ರರಂಗದ ತಂತ್ರಜ್ಞರಿದ್ದ ಸಮಿತಿಯೊಂದರ ಅಭಿಪ್ರಾಯ ಪಡೆದ ಸುಪ್ರೀಂ ಕೋರ್ಟ್, ಚಲನಚಿತ್ರವು ಹಲವರು ಕೂಡಿ ರಚಿಸುವ ಕಲೆಯಾಗಿರುವುದರಿಂದ ಒಬ್ಬರ ಮಿತಿಯನ್ನು ಇನ್ನೊಬ್ಬರ ನೆರವಿನಿಂದ ದಾಟಬಹುದೆಂಬ ನಿಲುವು ತಳೆದು, ವರ್ಣಾಂಧತೆಯುಳ್ಳವರನ್ನು ಯಾವ ವ್ಯಾಸಂಗದಿಂದಲೂ ಹೊರಗಿಡಬಾರದು, ಅಗತ್ಯಬಿದ್ದಲ್ಲಿ ಪಠ್ಯಕ್ರಮವನ್ನೇ ಹೊಂದಿಸಬೇಕು ಎಂದು 2022ರ ಏಪ್ರಿಲ್‌ನಲ್ಲಿ ಆದೇಶಿಸಿತು. ಕಲಾಶಿಕ್ಷಣದಲ್ಲಿ ಯೋಗ್ಯತೆ ಎಂದರೇನು ಎಂಬ ಪ್ರಶ್ನೆಗೆ ಭಾರತದ ನ್ಯಾಯಾಲಯವೊಂದು ಕೊಟ್ಟ ಅತ್ಯಂತ ವಿವೇಕದ ಉತ್ತರಗಳಲ್ಲಿ ಇದೂ ಒಂದು. ತಮ್ಮ ಕಣ್ಣಿನ ದೋಷದಿಂದ ದಾರಿ ಮುಚ್ಚಿದೆಯೆಂದು ಹಳೆಯ ಮಾಹಿತಿಯ ಆಧಾರದ ಮೇಲೆ ಇನ್ನೂ ನಂಬಿರುವವರಿಗೆ ಈ ತೀರ್ಪು ತಲುಪಬೇಕು.

ಖರ್ಚಿನ ಪ್ರಶ್ನೆಯನ್ನು ಮರೆಮಾಚುವಂತಿಲ್ಲ. ಮುಂಬಯಿ, ಚೆನ್ನೈಗಳ ಖಾಸಗಿ ಚಲನಚಿತ್ರ ಶಾಲೆಗಳಿಗೆ ಹೋಲಿಸಿದರೆ ಸರ್ಕಾರಿ ಸಂಸ್ಥೆಗಳ ಶುಲ್ಕ ಕಡಿಮೆ ನಿಜ. ಆದರೆ ಅದು ವರ್ಷದಿಂದ ವರ್ಷಕ್ಕೆ ಏರುತ್ತ ಬಂದಿದೆ. ವ್ಯಾಸಂಗದ ಶುಲ್ಕ ಮತ್ತು ಪ್ರವೇಶ ಪರೀಕ್ಷೆಯ ಶುಲ್ಕಗಳ ಏರಿಕೆ ವಿರೋಧಿಸಿ 2019ರ ಡಿಸೆಂಬರಿನಲ್ಲಿ ಪುಣೆಯ ವಿದ್ಯಾರ್ಥಿಗಳು ಉಪವಾಸ ಕುಳಿತರು. ಅರ್ಜಿಯ ಶುಲ್ಕವೇ ಸಾವಿರಗಳ ಲೆಕ್ಕದಲ್ಲಿರುವಾಗ, ಕೂಲಿಮಾಡುವ ಮನೆಯಿಂದ ಬಂದ ಪದವೀಧರ ಪರೀಕ್ಷೆಗೆ ಕೂರುವ ಮೊದಲೇ ಹಿಂಜರಿಯುತ್ತಾನೆ. ಸಿನಿಮಾಕ್ಕೆ ಯಾರ ಕಥೆಗಳು ಬರುತ್ತವೆ, ಯಾರವು ಬರುವುದಿಲ್ಲ ಎಂಬುದು ಆ ಹಿಂಜರಿಕೆಯಲ್ಲಿಯೇ ತೀರ್ಮಾನವಾಗಿಬಿಡುತ್ತದೆ.

ಸಿದ್ಧತೆಯ ವಿಷಯಕ್ಕೆ ಬಂದರೆ, ಕರ್ನಾಟಕದಲ್ಲಿ ಅದಕ್ಕೊಂದು ಪರಂಪರೆಯೇ ಇದೆ. ಪುಣೆಯಲ್ಲಿ ಎಫ್‌ಟಿಐಐಗೆ ನೆರೆಯಲ್ಲಿಯೇ 1964ರಲ್ಲಿ ಸ್ಥಾಪನೆಯಾದ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯವನ್ನು ಕಟ್ಟಿ ಬೆಳೆಸಿದ ಪಿ.ಕೆ. ನಾಯರ್ ಮತ್ತು ಎಫ್‌ಟಿಐಐನಲ್ಲಿ ಚಿತ್ರ ರಸಗ್ರಹಣ ಕಲಿಸುತ್ತಿದ್ದ ಸತೀಶ್ ಬಹಾದ್ದೂರ್ ಅವರ ನೆರವಿನಿಂದ ಕೆ.ವಿ. ಸುಬ್ಬಣ್ಣನವರು ಹೆಗ್ಗೋಡಿನ ನೀನಾಸಮ್‌ನಲ್ಲಿ ಚಿತ್ರ ರಸಗ್ರಹಣ ಶಿಬಿರಗಳನ್ನು ನಡೆಸಿದರು. ಒಂದು ಚಿತ್ರವನ್ನು ಹೇಗೆ ನೋಡಬೇಕು, ಅದರ ಶಾಟ್‌ಗಳು, ಅಂದರೆ ಕ್ಯಾಮೆರಾ ಒಂದೇ ಓಟದಲ್ಲಿ ಹಿಡಿದ ತುಣುಕುಗಳು, ಹೇಗೆ ಅರ್ಥವಾಗಿ ಜೋಡಣೆಯಾಗುತ್ತವೆ ಎಂಬುದನ್ನು ಅಡಿಕೆ ತೋಟದ ಕೆಲಸ ಮುಗಿಸಿ ಬಂದವರು ಅಲ್ಲಿ ಚರ್ಚಿಸಿದರು. ನಾಯರ್ ಅವರನ್ನು ಕುರಿತ 2012ರ ‘ಸೆಲ್ಯುಲಾಯ್ಡ್ ಮ್ಯಾನ್’ ಸಾಕ್ಷ್ಯಚಿತ್ರದಲ್ಲಿ ಹೆಗ್ಗೋಡಿನವರ ಆ ನೆನಪುಗಳೂ ದಾಖಲಾಗಿವೆ. ಬೆಂಗಳೂರಿನಲ್ಲಿ 1971ರಲ್ಲಿ ಆರಂಭವಾದ ಸುಚಿತ್ರ ಫಿಲ್ಮ್ ಸೊಸೈಟಿ, ವರ್ಷಕ್ಕೊಮ್ಮೆ ನಡೆಯುವ ಬೆಂಗಳೂರು ಅಂತರರಾಷ್ಟ್ರೀಯ ಚಿತ್ರೋತ್ಸವ ಇವೆಲ್ಲ ನಗರದಲ್ಲಿ ಇರುವವರಿಗೆ ಒದಗುತ್ತವೆ. ಬೇಸಿಗೆಯಲ್ಲಿ ಪುಣೆಯಲ್ಲಿ ನಡೆಯುವ ಚಿತ್ರ ರಸಗ್ರಹಣದ ಅಲ್ಪಾವಧಿ ಶಿಬಿರ, ಪೂರ್ಣ ವ್ಯಾಸಂಗಕ್ಕೆ ಅರ್ಜಿ ಹಾಕುವ ಮುನ್ನ ಆ ಆವರಣದ ವಾತಾವರಣವನ್ನು ಅರಿಯಲು ಒಳ್ಳೆಯ ದಾರಿ. ಊರಿನಲ್ಲಿಯೇ ಇರುವವರು ಮೊಬೈಲಿನಲ್ಲಿ ನೋಡಿದ ಒಂದೇ ಚಿತ್ರವನ್ನು ಎರಡನೆಯ ಸಲ ಧ್ವನಿಯಿಲ್ಲದೆ ನೋಡಿ, ಮೂರನೆಯ ಸಲ ಕಣ್ಣು ಮುಚ್ಚಿ ಕೇಳಿದರೆ, ಯಾವ ಪುಸ್ತಕದಲ್ಲಿಯೂ ಸಿಗದಷ್ಟು ಕಲಿಯುತ್ತಾರೆ.

ಚಲನಚಿತ್ರ ಶಿಕ್ಷಣದಲ್ಲಿ ಕರ್ನಾಟಕ ಪುಣೆಗಿಂತ ಹಿರಿಯದೆಂಬುದನ್ನು ಇಲ್ಲಿ ನೆನೆಯಬೇಕು. ಬೆಂಗಳೂರಿನ ಶ್ರೀ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್‌ನಲ್ಲಿ ಛಾಯಾಗ್ರಹಣದ ಡಿಪ್ಲೊಮಾವನ್ನು 1946ರಲ್ಲಿ ಪಡೆದ ಮೈಸೂರಿನ ವಿ.ಕೆ. ಮೂರ್ತಿಯವರು ಗುರುದತ್ತರ ‘ಕಾಗಜ್ ಕೆ ಫೂಲ್’ ಚಿತ್ರದ ಛಾಯಾಗ್ರಾಹಕರಾಗಿ, ಮುಂದೆ ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿ ಪಡೆದ ಮೊದಲ ಛಾಯಾಗ್ರಾಹಕರೆನಿಸಿದರು. ಗೋವಿಂದ ನಿಹಲಾನಿಯವರು ಕಲಿತದ್ದೂ ಅಲ್ಲಿಯೇ. ಅದೇ ವಿಭಾಗದಿಂದ ಬೆಳೆದ ಸರ್ಕಾರಿ ಚಲನಚಿತ್ರ ಮತ್ತು ದೂರದರ್ಶನ ಸಂಸ್ಥೆ ಈಗ ಹೆಸರಘಟ್ಟದಲ್ಲಿದೆ. ಪುಣೆ, ಕೋಲ್ಕತ್ತಗಳ ಪ್ರವೇಶ ಪ್ರಕಟಣೆ ಹೊರಬೀಳುವುದಕ್ಕೆ ಕೆಲವು ತಿಂಗಳ ಮೊದಲು ಈ ಸಂಸ್ಥೆಯಲ್ಲಿ, ಜಿಲ್ಲೆಗೆ ಒಬ್ಬಿಬ್ಬರಂತೆ ಆರಿಸಿದ ಪದವೀಧರರಿಗೆ ಊಟ ವಸತಿಯೊಡನೆ ಒಂದು ತಿಂಗಳ ಕನ್ನಡ ಶಿಬಿರ ನಡೆಸಿ, ಹಿಂದಿನ ಪ್ರಶ್ನೆಪತ್ರಿಕೆಗಳನ್ನು ಕನ್ನಡಕ್ಕೆ ತಂದು ಬರೆಸಿ, ಅರ್ಜಿಯ ಶುಲ್ಕವನ್ನು ರಾಜ್ಯವೇ ಭರಿಸುವ ವ್ಯವಸ್ಥೆ ಮಾಡುವುದಕ್ಕೆ ತಗಲುವ ಹಣ, ಸರ್ಕಾರ ಪ್ರತಿವರ್ಷ ಚಿತ್ರಗಳ ಸಹಾಯಧನಕ್ಕೆ ವಿನಿಯೋಗಿಸುವ ಮೊತ್ತದಲ್ಲಿ ಒಂದು ಸಣ್ಣ ಪಾಲು ಮಾತ್ರ. ಕಟ್ಟಡವಿದೆ, ಸಲಕರಣೆಯಿದೆ, ಪುಣೆಯಲ್ಲಿ ಕಲಿತು ಬಂದು ಪಾಠ ಹೇಳಬಲ್ಲ ಕನ್ನಡಿಗರು ಬೆಂಗಳೂರಿನಲ್ಲಿಯೇ ಇದ್ದಾರೆ.